ಮಳೆಗಾಲದಲ್ಲಿ ಮನೆಬೆಕ್ಕಿನ ಕಾಳಜಿ: ಶಿರಸಿ, ಕಾರವಾರ, ಕುಮಟಾ ಕಡೆಯವರ ಅನುಭವ ಬೇಕು

ತೋಟದಮನೆ, ಶಿರಸಿ
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಒಳಗಿನ ಊರು, ಅಡಿಕೆ ತೋಟದ ಮನೆ. ಎರಡು ಬೆಕ್ಕು ಇವೆ, ಗೌರಿ ಮತ್ತು ಅವಳ ಮಗ ಕರಿಯ. ಗೌರಿಗೆ ಹೋದ ವರ್ಷ ಎರಡು ಸೂಲು ಆಯಿತು, ಈಗ ಮತ್ತೆ ಬೆದೆಗೆ ಬಂದು ರಾತ್ರಿಯಿಡೀ ಕೂಗುತ್ತಾಳೆ. ಆಪರೇಷನ್ ಮಾಡಿಸೋಣ ಅಂದರೆ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ, "ಬೆಕ್ಕಿಗೂ ಆಪರೇಷನ್ನಾ?" ಅಂತಾರೆ. ಇನ್ನೊಂದು ಚಿಂತೆ, ಸ್ವಲ್ಪ ದಿನದಲ್ಲಿ ಕೊನೆಗೌಡ (ಅಡಿಕೆ ಮರ ಹತ್ತುವವನು) ಬಂದು ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯುತ್ತಾನೆ. ಅಂಗಳ, ತೋಟ ಎಲ್ಲ ಕಡೆ ಮೈಲುತುತ್ತದ ನೀರು. ಇವೆರಡೂ ಅದರಲ್ಲೇ ಓಡಾಡಿ ಬಂದು ಜಗಲಿಯ ಮೇಲೆ ಕೂತು ಕಾಲು ನೆಕ್ಕುತ್ತವೆ. ನಮ್ಮನೆಗೆ ಮೀನು, ಮಾಂಸ ಬರುವುದಿಲ್ಲ. ಹಾಲನ್ನ, ಮೊಸರನ್ನವೇ ಅವಕ್ಕೂ ಊಟ. ಇಷ್ಟು ಸಾಕಾ? ಗೊತ್ತಿದ್ದವರು ವಿವರವಾಗಿ ಹೇಳಿ.

ಯಲ್ಲಾಪುರ ಘಟ್ಟ
ಅಕ್ಕಾ, ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಅಜ್ಜನ ಕಾಲದಿಂದ ಬೆಕ್ಕು ಇದ್ದೇ ಇದೆ. ಯಾರೂ ಸೂಜಿ ಹಾಕಿಸಿದವರಿಲ್ಲ, ಪ್ಯಾಕೆಟ್ ತಿಂಡಿ ತಂದವರಿಲ್ಲ. ಇಲಿ ಹಿಡಿದು ತಿನ್ನುತ್ತದೆ, ಹುಷಾರಿಲ್ಲದಿದ್ದರೆ ಗರಿಕೆ ತಿಂದು ವಾಂತಿ ಮಾಡಿಕೊಳ್ಳುತ್ತದೆ. ಬೆಕ್ಕು ತನ್ನ ಜೀವ ತಾನು ನೋಡಿಕೊಳ್ಳುವ ಪ್ರಾಣಿ.

ಅಕ್ಕೋರು, ಕುಮಟಾ
ತಮ್ಮಾ, ನೀವು ಹೇಳುವುದು ಎಲ್ಲರ ಮನೆಯಲ್ಲೂ ಕೇಳುವ ಮಾತು. ಆದರೆ ಅಜ್ಜನ ಕಾಲದ ಆ ಬೆಕ್ಕುಗಳಲ್ಲಿ ಎಷ್ಟು ಮುದಿಯಾಗುವವರೆಗೆ ಬದುಕಿದವು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ಒಂದು ಹೋದರೆ ಇನ್ನೊಂದು ಬರುತ್ತಿತ್ತು, ಹಾಗಾಗಿ ಅಂಗಳದಲ್ಲಿ ಯಾವಾಗಲೂ ಬೆಕ್ಕು ಕಾಣುತ್ತಿತ್ತು. ಸರಿಯಾಗಿ ನೋಡಿಕೊಂಡ ಬೆಕ್ಕು 12ರಿಂದ 15 ವರ್ಷ ಆರಾಮಾಗಿ ಬದುಕುತ್ತದೆ, ಅದಕ್ಕಿಂತ ಹೆಚ್ಚೂ ಉಂಟು. ಅಜ್ಜನ ಕಾಲದಲ್ಲಿ ಮನೆ ಮುಂದೆ ಚತುಷ್ಪಥವೂ ಇರಲಿಲ್ಲ. 66ನೇ ನಂಬರಿನ ಹೆದ್ದಾರಿ ಅಗಲವಾದ ಮೇಲೆ ಭಟ್ಕಳದಿಂದ ಕಾರವಾರದವರೆಗೆ ರಸ್ತೆ ಪಕ್ಕದ ಮನೆಯವರನ್ನು ಕೇಳಿ, ಬೆಕ್ಕು ಕಳೆದುಕೊಳ್ಳದವರು ಕಡಿಮೆ. ಕಾಡಿನ ಅಪಾಯದಿಂದ ತಪ್ಪಿಸಿಕೊಳ್ಳುವ ಬುದ್ಧಿ ಬೆಕ್ಕಿಗೆ ಇದೆ. ಲಾರಿ, ಇಲಿಪಾಷಾಣ, ನಮ್ಮ ಮನೆಯ ಗುಳಿಗೆ, ಇವುಗಳಿಂದ ತಪ್ಪಿಸಿಕೊಳ್ಳುವ ಬುದ್ಧಿ ಅದಕ್ಕೆ ಎಲ್ಲಿಂದ ಬರಬೇಕು? ಅದು ನಮ್ಮ ಜವಾಬ್ದಾರಿ.

ಪಶುವೈದ್ಯ (ನಿವೃತ್ತ), ಅಂಕೋಲಾ
ಶಿರಸಿಯ ತಂಗಿ, ಮೊದಲು ಊಟದ ವಿಷಯ. ಬೆಕ್ಕು ಅಪ್ಪಟ ಮಾಂಸಾಹಾರಿ. ನಾಯಿಯಾದರೆ ಅನ್ನ ಸಾರಿಗೆ ಒಂದಿಷ್ಟು ಹೊಂದಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಅದು ಆಗುವುದಿಲ್ಲ. ಟೌರಿನ್ ಅಂತ ಒಂದು ಪೋಷಕಾಂಶ ಇದೆ. ಬೆಕ್ಕು ಅದನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನಿನಿಂದಲೇ ಬರಬೇಕು. ಅಕ್ಕಿ, ಬೇಳೆ, ತರಕಾರಿಯಲ್ಲಿ ಅದು ಇಲ್ಲ; ಹಾಲು ಮೊಸರಿನಲ್ಲಿ ಇರುವುದು ಏನೇನೂ ಸಾಲದು. ಕೊರತೆಯಾದರೆ ಕಣ್ಣಿನ ಒಳಪರದೆ ಸವೆದು ದೃಷ್ಟಿ ಹೋಗುತ್ತದೆ, ಹೃದಯದ ಸ್ನಾಯು ತೆಳುವಾಗಿ ಹೃದಯ ಹಿಗ್ಗುತ್ತದೆ. ಈ ಹೃದಯದ ಕಾಯಿಲೆಗೂ ಟೌರಿನ್ನಿಗೂ ಇರುವ ಸಂಬಂಧ ತಿಳಿದದ್ದೇ 1987ರಲ್ಲಿ. ಆಮೇಲೆ ಬೆಕ್ಕಿನ ಪ್ಯಾಕೆಟ್ ಆಹಾರಕ್ಕೆ ಅದನ್ನು ಹೆಚ್ಚಾಗಿ ಸೇರಿಸತೊಡಗಿದರು. ತಿಂಗಳಾನುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಬೆಕ್ಕು ಅಟ್ಟ ಹತ್ತಲಾರದೆ ಏದುಸಿರು ಬಿಡುತ್ತ ಕೂತಾಗ ಮನೆಯವರು "ವಯಸ್ಸಾಯ್ತು" ಅಂದುಕೊಳ್ಳುತ್ತಾರೆ.

ನಿಮ್ಮ ಗೌರಿ, ಕರಿಯ ಇಷ್ಟು ದಿನ ತೋಟದ ಇಲಿ, ಹಲ್ಲಿ ಹಿಡಿದು ತಿಂದು ಆ ಕೊರತೆ ತುಂಬಿಕೊಂಡಿರಬಹುದು. ಆದರೆ ಮಳೆಗಾಲದಲ್ಲಿ ಬೇಟೆ ಕಡಿಮೆ. ಅಡುಗೆಮನೆಗೆ ಮಾಂಸ ತರಲಾಗದಿದ್ದರೆ ಒತ್ತಾಯ ಬೇಡ. ಬೆಕ್ಕಿನದೇ ಒಣ ಆಹಾರದ ಪ್ಯಾಕೆಟ್ ತಂದು ಜಗಲಿಯಲ್ಲೋ ಕೊಟ್ಟಿಗೆ ಪಕ್ಕದಲ್ಲೋ ಬೇರೆ ಬಟ್ಟಲಲ್ಲಿ ಹಾಕಿ. ಒಂದು ಮುಖ್ಯ ಮಾತು, ನಾಯಿಯ ಪ್ಯಾಕೆಟ್ ಆಗದು, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟೌರಿನ್ ಇರಬೇಕೆಂದಿಲ್ಲ. ನಮ್ಮ ಮಳೆಗೆ ದೊಡ್ಡ ಚೀಲ ತಂದರೆ ಅರ್ಧಕ್ಕೇ ಮುಗ್ಗು ಹಿಡಿಯುತ್ತದೆ. ಸಣ್ಣ ಪ್ಯಾಕೆಟ್ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮುಗ್ಗಿದ್ದನ್ನು ಕೊಡಲೇಬೇಡಿ. ಬೇಯಿಸಿದ ಮೊಟ್ಟೆ ಮನೆಯಲ್ಲಿ ನಡೆಯುವುದಾದರೆ ಒಳ್ಳೆಯದು, ಆದರೆ ಅದೊಂದೇ ಸಾಲದು. ಇನ್ನು ಹಾಲು: ಮರಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹೆಚ್ಚಿನ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಹಾಲು ಕುಡಿದ ಮೇಲೆ ಭೇದಿ ಆದರೆ ಹಾಲು ನಿಲ್ಲಿಸಿ, ನೀರಿಡಿ.

ತೋಟದಮನೆ, ಶಿರಸಿ
ಡಾಕ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ಅತ್ತೆಗೆ ಓದಿ ಹೇಳಿದೆ, ಪ್ಯಾಕೆಟ್ ಜಗಲಿಯಲ್ಲಿ ಇಡುವುದಾದರೆ ಅಡ್ಡಿಯಿಲ್ಲ ಅಂದರು. ಔಷಧ ಹೊಡೆಯುವ ದಿನ ಏನು ಮಾಡಲಿ?

ಪಶುವೈದ್ಯ (ನಿವೃತ್ತ), ಅಂಕೋಲಾ
ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗೊನೆಯ ಮೇಲೆ ಬಿದ್ದು ಒಣಗಿದ್ದಕ್ಕಿಂತ ಹೆಚ್ಚು ಅಪಾಯ ಡ್ರಮ್ಮಿನಲ್ಲಿ, ಬಾನಿಯಲ್ಲಿ ಬಿಟ್ಟ ಗಟ್ಟಿ ತುತ್ತದ ನೀರಿನದು. ಅದು ಹೊಟ್ಟೆಗೆ ಹೋದರೆ ಕರುಳು ಸುಟ್ಟ ಹಾಗಾಗಿ ಜೊಲ್ಲು, ವಾಂತಿ, ನೀಲಿ ಹಸಿರು ಬಣ್ಣದ ಭೇದಿ ಶುರುವಾಗುತ್ತದೆ. ಆ ದಿನ ಬೆಳಿಗ್ಗೆಯೇ ಎರಡನ್ನೂ ಒಂದು ಕೋಣೆಯಲ್ಲಿ ಹಾಕಿ ಚಿಲಕ ಹಾಕಿ, ನೀರು, ಊಟ, ಮಲಮೂತ್ರಕ್ಕೆ ಹೊಟ್ಟು ತುಂಬಿದ ತಟ್ಟೆ ಒಳಗೇ ಇರಲಿ. ಹೊಡೆದು ಮುಗಿದ ಮೇಲೆ ಬಾನಿ, ಡ್ರಮ್ಮು ತೊಳೆಸಿ ಬೋರಲು ಹಾಕಿ. ತಪ್ಪಿಸಿಕೊಂಡು ಹೋಗಿ ಬಂದರೆ ಕಾಲ ಬೆರಳ ಸಂದಿ ನೋಡಿ, ಅಲ್ಲಿ ನೀಲಿ ಬಿಳಿ ಪುಡಿ ಕಚ್ಚಿಕೊಂಡಿರುತ್ತದೆ. ನೆಕ್ಕುವ ಮೊದಲೇ ಉಗುರು ಬಿಸಿ ನೀರಿನಲ್ಲಿ, ಮಕ್ಕಳ ಸೌಮ್ಯ ಸೋಪು ಹಾಕಿ ತೊಳೆದು, ಬಟ್ಟೆಯಿಂದ ಒರೆಸಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಯಾವ ವಿಷವೇ ಇರಲಿ, ಮನೆಯಲ್ಲಿ ವಾಂತಿ ಮಾಡಿಸುವುದು ಬೆಕ್ಕಿಗೆ ಇನ್ನೊಂದು ಅಪಾಯ.

ಸಿದ್ದಾಪುರ ಕಾನು
ತೋಟದ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಬೆಕ್ಕು ಬಚ್ಚಲ ಒಲೆಯ ಬೂದಿಯಲ್ಲಿ ಬೆಚ್ಚಗೆ ಮಲಗಿರುತ್ತದೆ. ಬೂದಿ ಬಣ್ಣದ ಬೆಕ್ಕಾದರೆ ಬೆಳಗಿನ ನಸುಕಿನಲ್ಲಿ ಕಾಣುವುದೇ ಇಲ್ಲ. ಬೆಂಕಿ ಹಾಕುವ ಮೊದಲು ಕೋಲಿನಿಂದ ಹಂಡೆಗೆ ಬಡಿದು, ಟಾರ್ಚ್ ಬಿಟ್ಟು ನೋಡಿಯೇ ಕಡ್ಡಿ ಗೀರಿ. ಕಾರು ಬೈಕಿನ ಅಡಿಗೂ ಹಾಗೆಯೇ. ಮರಿ ಇರುವ ಮನೆಯಲ್ಲಿ ಬಾವಿಗೆ ಬಲೆ ಹಾಕಿಸಿ.

ಬೈತಖೋಲ್ ಬಂದರು
ನಾವು ಬಂದರಿನವರು, ಬೆಕ್ಕು ನಮ್ಮಲ್ಲಿ ಮನೆಮನೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವ ಹಾಗಿಲ್ಲ, ಆ 61 ದಿನ ಬೆಕ್ಕುಗಳ ಗೋಳು ಕೇಳಬೇಡಿ. ದೋಣಿಯ ಹತ್ತಿರ ಬಿದ್ದ ಮೀನು ತಿಂದು ಅಭ್ಯಾಸವಾದವು, ಬೇರೆ ಏನು ಹಾಕಿದರೂ ಮೂಸಿ ಹೋಗುತ್ತವೆ. ಒಣಮೀನು ಹಾಕಬಹುದಾ ಅಂತ ನಮ್ಮ ಓಣಿಯವರು ಕೇಳುತ್ತಾರೆ. ಡಾಕ್ಟ್ರು ಹೇಳಬೇಕು.

ನನಗೆ ಗೊತ್ತಿದ್ದದ್ದು ಎರಡು. ಗಾಳ ಹಾಕಿ ಮೀನು ಹಿಡಿಯುವವರು ದಾರ ಕಡಿದರೆ ಅಲ್ಲೇ ಬಿಟ್ಟು ಹೋಗುತ್ತಾರೆ. ಮೀನಿನ ವಾಸನೆ ಇರುವ ದಾರ ಬೆಕ್ಕು ನುಂಗುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಯಾರೂ ಎಳೆಯಬೇಡಿ. ಒಳಗೆ ಕರುಳು ಆ ದಾರದ ಮೇಲೆ ನೆರಿಗೆ ಕಟ್ಟಿಕೊಂಡಿರುತ್ತದೆ, ಎಳೆದರೆ ಕೊಯ್ದುಬಿಡುತ್ತದೆ. ನೇರ ಆಸ್ಪತ್ರೆಗೆ. ಎರಡನೆಯದು, ಬಲೆಯಲ್ಲಿ ಬಂದು ದಡಕ್ಕೆ ಎಸೆದ ಹೊಟ್ಟೆ ಉಬ್ಬಿಸುವ ಮೀನು. ಅದರ ಯಕೃತ್ತು (ಲಿವರ್), ತತ್ತಿ ಎಲ್ಲ ವಿಷ, ಬೇಯಿಸಿದರೂ ಹೋಗುವುದಿಲ್ಲ. ಮೊದಲು ಕಾಲು ಸೋಲುತ್ತದೆ, ಆಮೇಲೆ ಉಸಿರು. ಎಸೆಯುವುದಾದರೆ ಮರಳಲ್ಲಿ ಆಳವಾಗಿ ಹೂಳಿ ಅಂತ ನಮ್ಮ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

ಪಶುವೈದ್ಯ (ನಿವೃತ್ತ), ಅಂಕೋಲಾ
ಬಂದರಿನ ತಮ್ಮಾ, ಎರಡೂ ಮಾತು ಸರಿ. ಒಣಮೀನು ಬೇಡ, ಉಪ್ಪು ವಿಪರೀತ. ತಾಜಾ ಮೀನು ಕೊಡುವುದಾದರೂ ಬೇಯಿಸಿ ಕೊಡಿ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಒಂದು ಅಂಶ ಇರುತ್ತದೆ. ದಿನಾ ಅದನ್ನೇ ತಿಂದ ಬೆಕ್ಕು ತಲೆ ಬಗ್ಗಿಸಿ ತೂರಾಡುತ್ತದೆ, ಫಿಟ್ಸ್ ಬರುತ್ತದೆ. ಬೇಯಿಸಿದರೆ ಆ ಅಂಶ ನಾಶವಾಗುತ್ತದೆ. ತಾರ್ಲೆಯಂಥ ಎಣ್ಣೆ ಮೀನನ್ನೇ ವರ್ಷವಿಡೀ ಹಾಕಿದರೆ ಇ ಜೀವಸತ್ವ ಸಾಲದೆ ಚರ್ಮದ ಅಡಿಯ ಕೊಬ್ಬು ಉರಿಯೂತಕ್ಕೆ ಬಂದು ಗಟ್ಟಿಯಾಗುತ್ತದೆ, ಬೆಕ್ಕು ಮುಟ್ಟಲೂ ಬಿಡುವುದಿಲ್ಲ. ಮೀನು ಇರಲಿ, ಅದರ ಜೊತೆ ಕೋಳಿಯೂ ಇರಲಿ. ಮೀನು ನಿಷೇಧದ ಎರಡು ತಿಂಗಳು ಕೋಳಿ ಅಂಗಡಿಯಲ್ಲಿ ಹೃದಯ, ಕಾಲಿನ ಮಾಂಸ ಕೇಳಿ ತನ್ನಿ, ಟೌರಿನ್ ಅದರಲ್ಲಿ ಚೆನ್ನಾಗಿದೆ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಟೌರಿನ್ ಆ ನೀರಿಗೆ ಇಳಿಯುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ, ಸಾರಿನಲ್ಲಿ ಕರಗಿದ್ದರೂ ಅಷ್ಟೇ. ಬೆಂದ ಮುಳ್ಳು, ಮೂಳೆ ಬಿಡಿಸಿ ಕೊಡಿ.

ಕಾಳಿದಡ, ಸದಾಶಿವಗಡ
ನಾನು ಹೇಳಬೇಕಾದ್ದು ಮನಸ್ಸಿಗೆ ತುಂಬಾ ನೋವು ಕೊಟ್ಟ ವಿಷಯ. ನಮ್ಮ ಪಕ್ಕದ ಮನೆಯ ಬಿಳಿ ಬೆಕ್ಕು, ಓಣಿಯ ಮಕ್ಕಳಿಗೆಲ್ಲ ಪ್ರೀತಿಯದು. ಜ್ವರ ಬಂದ ಹಾಗೆ ಮೈ ಬಿಸಿ ಇತ್ತು ಅಂತ ಯಾರೋ ಹೇಳಿದ್ದು ಕೇಳಿ ಅವರು ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಲಲ್ಲಿ ಕುಡಿಸಿದರು. ಸಂಜೆ ನನ್ನನ್ನು ಕರೆದಾಗ ಅದರ ಮುಖ ಊದಿತ್ತು, ಮುಂಗಾಲುಗಳೂ ಊದಿದ್ದವು. ಬಾಯಿ ತೆರೆದು ನೋಡಿದೆ. ಗುಲಾಬಿ ಇರಬೇಕಾದ ವಸಡು ಕಂದು ಬಣ್ಣಕ್ಕೆ ತಿರುಗಿತ್ತು, ನಾಲಿಗೆಯೂ ಹಾಗೇ. ಬಾಯಿ ತೆರೆದುಕೊಂಡೇ ಉಸಿರು ಎಳೆಯುತ್ತಿತ್ತು. ಗಾಡಿ ತೆಗೆಯುವಷ್ಟರಲ್ಲಿ ಹೋಯಿತು. ಅವರು ಪ್ರೀತಿಯಿಂದಲೇ ಕೊಟ್ಟದ್ದು. ಮಕ್ಕಳಿಗೆ ಕೊಡುವ ಔಷಧವೇ ಅಲ್ಲವಾ ಅಂತ ಆ ಅಮ್ಮ ಇವತ್ತಿಗೂ ಕೇಳುತ್ತಾರೆ. ಇದನ್ನು ಎಲ್ಲರೂ ತಿಳಿಯಬೇಕು ಅಂತಲೇ ಬರೆಯುತ್ತಿದ್ದೇನೆ.

ಪಶುವೈದ್ಯ (ನಿವೃತ್ತ), ಅಂಕೋಲಾ
ಬಹಳ ಬೇಸರವಾಯಿತು. ಆ ಅಮ್ಮನಿಗೆ ಹೇಳಿ, ಮಕ್ಕಳ ಯಕೃತ್ತು ಪ್ಯಾರಾಸಿಟಮಾಲನ್ನು ಒಡೆದು ಹೊರಹಾಕುವ ದಾರಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ದುರ್ಬಲ. ವಿಷ ದೇಹದಲ್ಲೇ ಉಳಿದು ರಕ್ತ ಪ್ರಾಣವಾಯು ಹೊರಲಾರದ ಸ್ಥಿತಿಗೆ ಬರುತ್ತದೆ, ವಸಡು ಕಂದಾಗುವುದು ಅದಕ್ಕೇ. ಒಂದು ಗುಳಿಗೆಯೂ ಜೀವ ತೆಗೆಯಬಲ್ಲದು. ಅಪ್ಪಿತಪ್ಪಿ ತಿಂದದ್ದು ಗೊತ್ತಾದರೆ, ಲಕ್ಷಣ ಕಾಣುವವರೆಗೆ ಕಾಯದೆ ಆಗಲೇ ವೈದ್ಯರ ಹತ್ತಿರ ಓಡಿ. ಎನ್-ಅಸಿಟೈಲ್‌ಸಿಸ್ಟೀನ್ ಅಂತ ಪ್ರತಿವಿಷ ಇದೆ, ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಉಳಿಸಬಹುದು. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಯಾವುದನ್ನೂ ಮನೆಯಲ್ಲಿ ಕೊಡಬೇಡಿ.

ಇದೇ ಕಾರಣಕ್ಕೆ ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿಗೆ ಆಗದು. ಒದ್ದೆ ನೆಲದ ಮೇಲೆ ನಡೆದು ಕಾಲು ನೆಕ್ಕಿದರೆ ಹೊಟ್ಟೆ ಸೇರುತ್ತದೆ. ಮಳೆಗಾಲದಲ್ಲಿ ಬಟ್ಟೆ ಪೆಟ್ಟಿಗೆಗೆ ಹಾಕುವ ಡಾಂಬರು ಗುಳಿಗೆಯೂ ವಿಷ. ಬೆಕ್ಕು ಮರಿ ಹಾಕಲು ಹುಡುಕುವುದು ಇಂಥ ಪೆಟ್ಟಿಗೆ, ಬೀರುಗಳನ್ನೇ.

ಯಲ್ಲಾಪುರ ಘಟ್ಟ
ಗುಳಿಗೆ ವಿಷಯ ನನಗೆ ಗೊತ್ತಿರಲಿಲ್ಲ ಡಾಕ್ಟ್ರೇ. ಆದರೂ ಸೂಜಿ ಎಲ್ಲ ಬೆಕ್ಕಿಗೂ ಬೇಕು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹಳ್ಳಿಯಲ್ಲಿ ಯಾರು ಅಷ್ಟು ದೂರ ಹೋಗುತ್ತಾರೆ?

ಅಕ್ಕೋರು, ಕುಮಟಾ
ಸೂಜಿ ಬೆಕ್ಕಿಗಷ್ಟೇ ಅಲ್ಲ ತಮ್ಮಾ, ಮನೆಯ ಮಕ್ಕಳಿಗೂ ಸೇರಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದು ಅಂತ ಶಾಲೆಯ ಮಕ್ಕಳೆಲ್ಲ ತಿಳಿದಿರುತ್ತಾರೆ. ಬೆಕ್ಕಿನಿಂದಲೂ ಬರುತ್ತದೆ. ಹುಚ್ಚುನಾಯಿಯ ಜೊತೆ ಕಚ್ಚಾಡಿ ಬಂದ ಬೆಕ್ಕು ಹಾಸಿಗೆಯಲ್ಲಿ ಮಗುವಿನ ಪಕ್ಕ ಮಲಗುತ್ತದೆ. ಲಕ್ಷಣ ಶುರುವಾದ ಮೇಲೆ ಮನುಷ್ಯರನ್ನು ಉಳಿಸುವುದು ಸಾಧ್ಯವೇ ಇಲ್ಲ ಅನ್ನುವಷ್ಟು ಕ್ರೂರ ರೋಗ ಅದು. ಬೆಕ್ಕು ಕಚ್ಚಿದರೆ, ಪರಚಿದರೆ ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಸೂಜಿಯಾದರೆ ಮೊದಲ ದಿನ, ಆಮೇಲೆ ಆ ದಿನದಿಂದ 3, 7, 28 ದಿನ ಕಳೆದು. ನೋವು ನಿಂತಿತು ಅಂತ ಮಧ್ಯದಲ್ಲಿ ಬಿಡಬಾರದು. ಗಾಯ ಆಳವಾಗಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಗಾಯಕ್ಕೇ ಹಾಕುವ ರೇಬೀಸ್ ತಡೆಯ ಔಷಧ) ಬೇಕಾ ಅಂತ ಕೇಳಿ.

ಪಶುವೈದ್ಯ (ನಿವೃತ್ತ), ಅಂಕೋಲಾ
ಅಕ್ಕೋರು ಹೇಳಿದ್ದಕ್ಕೆ ಸೇರಿಸುತ್ತೇನೆ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಸಂಯುಕ್ತ ಲಸಿಕೆ, ಮೂರ್ನಾಲ್ಕು ವಾರಕ್ಕೊಮ್ಮೆ ಮತ್ತೆ, ಕೊನೆಯದು 16 ವಾರ ತುಂಬಿದ ಮೇಲೆ. ಮೂರು ತಿಂಗಳು ತುಂಬಿದಾಗ ರೇಬೀಸ್. ಒಂದು ವರ್ಷಕ್ಕೆ ಬೂಸ್ಟರ್. ಸಂಯುಕ್ತ ಲಸಿಕೆ ತಡೆಯುವ ರೋಗಗಳಲ್ಲಿ ಪ್ಯಾನ್‌ಲ್ಯೂಕೊಪೀನಿಯ ಅತ್ಯಂತ ಕೆಟ್ಟದ್ದು. ವಾಂತಿ, ರಕ್ತಭೇದಿ, ಮರಿಗಳು ಒಂದರ ಹಿಂದೆ ಒಂದು ಸಾಯುತ್ತವೆ. ಊರಿನವರು "ವಿಷ ಹಾಕಿದ್ದಾರೆ" ಅನ್ನುತ್ತಾರೆ. ಆ ವೈರಸ್ ಮನೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ನೆಲ, ಬಟ್ಟಲು ತೊಳೆದು ಒಣಗಿಸಿ, ಲಸಿಕೆ ಆಗದ ಹೊಸ ಮರಿಯನ್ನು ಆ ಮನೆಗೆ ತರಬೇಡಿ.

ದೂರದ ಮಾತು ನಿಜ. ಬೆಕ್ಕಿನ ಲಸಿಕೆ ಎಲ್ಲ ಕಡೆ ಇಟ್ಟಿರುವುದಿಲ್ಲ. ಹೊರಡುವ ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹೋದರೆ ಗಾಡಿ ಖರ್ಚೂ ಹಂಚಿಹೋಗುತ್ತದೆ. 1962 ಮುಖ್ಯವಾಗಿ ದನಕರುಗಳ ಸಹಾಯವಾಣಿ. ಹತ್ತಿರ ಯಾವ ವೈದ್ಯರು ಇದ್ದಾರೆ ಅಂತ ಅಲ್ಲೂ ಕೇಳಿ ನೋಡಬಹುದು.

ಹೊನ್ನಾವರ ಸೊಸೆ
ನನಗೆ ಈಗ ಮೂರನೇ ತಿಂಗಳು. ಬೆಕ್ಕಿದ್ದರೆ ಹೊಟ್ಟೆಯ ಮಗುವಿಗೆ ತೊಂದರೆ ಅಂತ ಮನೆಯವರು ನಮ್ಮ ಚುಕ್ಕಿಯನ್ನು ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುತ್ತೇವೆ ಅನ್ನುತ್ತಿದ್ದಾರೆ. ನಾಲ್ಕು ವರ್ಷದಿಂದ ನನ್ನ ಕಾಲ ಬುಡದಲ್ಲೇ ಇರುವವಳು. ದಯವಿಟ್ಟು ಯಾರಾದರೂ ಉತ್ತರಿಸಿ.

ಪಶುವೈದ್ಯ (ನಿವೃತ್ತ), ಅಂಕೋಲಾ
ಮಗಳೇ, ಧೈರ್ಯವಾಗಿರು. ಅವರ ಭಯಕ್ಕೆ ಕಾರಣ ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿ. ಬೆಕ್ಕು ಮೊದಲ ಸಲ ಸೋಂಕು ತಗುಲಿದಾಗ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಅದನ್ನು ಮಲದಲ್ಲಿ ಹೊರಹಾಕುತ್ತದೆ. ಹೊರಬಿದ್ದದ್ದು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಅಂದರೆ ಮಲವನ್ನು ದಿನಾ ತೆಗೆದರೆ ಅಪಾಯ ಬಹುಪಾಲು ಅಲ್ಲೇ ಮುಗಿಯಿತು. ಆ ಕೆಲಸ ನೀನು ಮಾಡಬೇಡ, ಮನೆಯವರು ಮಾಡಲಿ. ಮಾಡಲೇಬೇಕಾದರೆ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆ. ಹಿತ್ತಲಲ್ಲಿ ಮಣ್ಣು ಮುಟ್ಟುವಾಗಲೂ ಕೈಗವಸು ಇರಲಿ. ಅರೆಬೆಂದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಈ ಸೋಂಕು ಬರುತ್ತದೆ, ಅದರ ಕಡೆಗೂ ಲಕ್ಷ್ಯ ಕೊಡು. ಚುಕ್ಕಿಗೆ ಹಸಿ ಮಾಂಸ ಬೇಡ. ನಿನ್ನ ಡಾಕ್ಟರಿಗೂ ಮನೆಯಲ್ಲಿ ಬೆಕ್ಕಿದೆ ಅಂತ ಹೇಳು, ರಕ್ತಪರೀಕ್ಷೆ ಬೇಕಾದರೆ ಅವರು ಹೇಳುತ್ತಾರೆ. ಬೆಕ್ಕನ್ನು ಮುದ್ದು ಮಾಡುವುದರಿಂದ ಏನೂ ಆಗುವುದಿಲ್ಲ.

ಅಕ್ಕೋರು, ಕುಮಟಾ
ಮೀನು ಮಾರ್ಕೆಟಿನ ಮಾತು ಕೇಳಿ ಸಂಕಟವಾಯಿತು. "ಅಲ್ಲಿ ತಿನ್ನಲು ಸಿಗುತ್ತದೆ" ಅಂತ ಎಲ್ಲರೂ ಅಲ್ಲಿಯೇ ಬಿಡುತ್ತಾರೆ. ಮನೆಯಲ್ಲಿ ಬೆಳೆದ ಬೆಕ್ಕು ಅಲ್ಲಿನ ಗಂಡುಬೆಕ್ಕು, ನಾಯಿಗಳ ಮಧ್ಯೆ ನಿಲ್ಲಲಾರದು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ತಂಗೀ, ಡಾಕ್ಟ್ರು ಬರೆದದ್ದನ್ನು ಮನೆಯವರಿಗೆ ಓದಿ ಹೇಳು. ಆದರೂ ಒಪ್ಪದಿದ್ದರೆ ಹೆರಿಗೆ ಆಗುವವರೆಗೆ ಚುಕ್ಕಿ ನಮ್ಮನೆಯಲ್ಲಿ ಇರಲಿ, ನನಗೆ ಇಲ್ಲಿಯೇ ಸಂದೇಶ ಹಾಕು.

ಸಿದ್ದಾಪುರ ಕಾನು
ಉಣುಗಿನ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ತಾಲ್ಲೂಕಿಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದದ್ದು, ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಕಾಡಿಗೆ ಹೋಗಿ ಬಂದ ಬೆಕ್ಕಿನ ಕಿವಿಯ ಬುಡ, ಕುತ್ತಿಗೆ, ಬೆರಳ ಸಂದಿ ನೋಡಿ. ಉಣುಗು ಕಂಡರೆ ಬರಿಗೈಯಲ್ಲಿ ಹಿಸುಕಬೇಡಿ, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಮನುಷ್ಯರಿಗೆ, ಬೆಕ್ಕಿಗೆ ಹಚ್ಚಬೇಡಿ.

ಇನ್ನೊಂದು ವಿಷಯ. ಹೋದ ವಾರ ನಮ್ಮ ತೋಟದ ಅಂಚಿನಲ್ಲಿ ಕಟ್ಟಿಗೆ ರಾಶಿಯ ಅಡಿ ಎರಡು ಮರಿ. ಹಳದಿ ಮೈಗೆ ಕಪ್ಪು ಚುಕ್ಕೆ, ಕಣ್ಣಿನಿಂದ ಹಣೆಗೆ ಬಿಳಿ ಗೆರೆ, ಕಿವಿಯ ಹಿಂಬದಿ ಕಪ್ಪಿನ ಮೇಲೆ ಒಂದು ಬಿಳಿ ಬೊಟ್ಟು. ಮನೆಯ ಹುಡುಗರು "ಎಷ್ಟು ಚೆಂದದ ಬೆಕ್ಕಿನಮರಿ, ಸಾಕೋಣ" ಅಂದರು. ಅದು ಚಿರತೆಬೆಕ್ಕು, ಕಾಡಿನದು. 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ, ಸಾಕುವ ಹಾಗಿಲ್ಲ. ಮುಟ್ಟದೆ ದೂರ ನಿಂತೆವು, ನಾಯಿ ಕಟ್ಟಿದೆವು. ರಾತ್ರಿ ತಾಯಿ ಬಂದು ಒಯ್ದಿತು. ತಾಯಿ ಬರದಿದ್ದರೆ, ಮರಿಗೆ ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು, ಸಹಾಯವಾಣಿ 1926.

ಪಶುವೈದ್ಯ (ನಿವೃತ್ತ), ಅಂಕೋಲಾ
ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಉಣುಗು, ಚಿಗಟಕ್ಕೆ ಒಂದು ಎಚ್ಚರಿಕೆ: ನಾಯಿಗೆ ತಂದ ಪರ್ಮೆಥ್ರಿನ್ ಹನಿ, ದನಗಳಿಗೆ ಹಚ್ಚುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಉಳಿದಿದೆ ಅಂತ ಬೆಕ್ಕಿಗೆ ಹಚ್ಚಿದರೆ ಮೈ ನಡುಗಿ, ಫಿಟ್ಸ್ ಬಂದು ಸಾಯುತ್ತದೆ. ಡಬ್ಬಿಯ ಮೇಲೆ ಬೆಕ್ಕಿನ ಚಿತ್ರ, ಬೆಕ್ಕಿನ ತೂಕ ಬರೆದಿದ್ದನ್ನೇ ಹಚ್ಚಿ.

ಕದ್ರಾ ಕಾಲೊನಿ
ತುರ್ತು ಪ್ರಶ್ನೆ. ನಮ್ಮ ಗಂಡುಬೆಕ್ಕು ನಿನ್ನೆ ಸಂಜೆಯಿಂದ ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಏನೂ ಬರುತ್ತಿಲ್ಲ. ಮಲಬದ್ಧತೆ ಇರಬೇಕು ಅಂತ ಹರಳೆಣ್ಣೆ ಕೊಡಲು ಹೇಳುತ್ತಿದ್ದಾರೆ. ಎಷ್ಟು ಕೊಡಬೇಕು?

ಪಶುವೈದ್ಯ (ನಿವೃತ್ತ), ಅಂಕೋಲಾ
ಹರಳೆಣ್ಣೆ ಬೇಡ. ಅದು ಮೂತ್ರ ಕಟ್ಟಿದ ಲಕ್ಷಣ. ಈಗಲೇ ಹೊರಡಿ, ಬೆಳಿಗ್ಗೆವರೆಗೆ ಕಾಯಬೇಡಿ. ಹೊಟ್ಟೆ ಒತ್ತಬೇಡಿ, ಮೂತ್ರಚೀಲ ಒಡೆಯಬಹುದು. ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ "ಗಂಡುಬೆಕ್ಕು, ಮೂತ್ರ ಕಟ್ಟಿದೆ" ಅಂತ ಹೇಳಿ.

ಬೈತಖೋಲ್ ಬಂದರು
ಕಾರವಾರಕ್ಕೆ ಬರುವುದಾದರೆ ಹೇಳಿ, ನಾನು ಬಸ್‌ಸ್ಟ್ಯಾಂಡ್ ಹತ್ತಿರ ಇರುತ್ತೇನೆ, ಆಸ್ಪತ್ರೆಗೆ ಗಾಡಿಯಲ್ಲಿ ಕರೆದೊಯ್ಯುತ್ತೇನೆ.

ಕದ್ರಾ ಕಾಲೊನಿ
ಎಲ್ಲರಿಗೂ ಕೈಮುಗಿಯುತ್ತೇನೆ. ಟ್ಯೂಬ್ ಹಾಕಿ ಮೂತ್ರ ತೆಗೆದರು, ರಕ್ತ ಬೆರೆತಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು. ಸಲೈನ್ ಹಾಕಿದ್ದಾರೆ, ಇವತ್ತು ಕಣ್ಣು ಬಿಟ್ಟು ನೋಡಿ ಕೂಗಿತು. ಬಂದರಿನ ಅಣ್ಣ ರಾತ್ರಿಯೆಲ್ಲ ಜೊತೆಗಿದ್ದರು. ಇದು ಮತ್ತೆ ಬಾರದ ಹಾಗೆ ಏನು ಮಾಡಬೇಕು?

ಪಶುವೈದ್ಯ (ನಿವೃತ್ತ), ಅಂಕೋಲಾ
ಕೇಳಿ ಸಮಾಧಾನವಾಯಿತು. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಸಣ್ಣ ಹರಳು, ಲೋಳೆ ಸಿಕ್ಕಿದರೂ ಕಟ್ಟುತ್ತದೆ. ಎರಡು ಮೂರು ದಿನ ಹಾಗೇ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಇನ್ನು ಮುಂದೆ ನೀರು ಹೆಚ್ಚು ಹೋಗಬೇಕು. ಮನೆಯಲ್ಲಿ ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ, ಊಟದ ಬಟ್ಟಲಿಂದ ದೂರ. ಒಣ ಆಹಾರದ ಜೊತೆ ಕೋಳಿ ಬೇಯಿಸಿದ ನೀರು ಬೆರೆಸಿ. ತಟ್ಟೆ ದಿನಾ ಚೊಕ್ಕ ಮಾಡಿ, ಗಲೀಜಾದರೆ ಬೆಕ್ಕು ಮೂತ್ರ ತಡೆದುಕೊಳ್ಳುತ್ತದೆ. ಒಮ್ಮೆ ಬಂದದ್ದು ಮರುಕಳಿಸುವುದುಂಟು, ಕಣ್ಣಿಟ್ಟಿರಿ.

ಯಲ್ಲಾಪುರ ಘಟ್ಟ
ರೇಬೀಸ್ ಸೂಜಿ ಹಾಕಿಸುತ್ತೇನೆ ಅಕ್ಕೋರೇ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಆಪರೇಷನ್ ಮಾತ್ರ ಈಗಲೂ ಮನಸ್ಸು ಒಪ್ಪುವುದಿಲ್ಲ, ಒಂದಾದರೂ ಸೂಲು ಆಗಲಿ ಅನಿಸುತ್ತದೆ.

ಪಶುವೈದ್ಯ (ನಿವೃತ್ತ), ಅಂಕೋಲಾ
ಒಂದು ಸೂಲು ಆಗಲೇಬೇಕು ಅನ್ನುವುದಕ್ಕೆ ಆರೋಗ್ಯದ ಕಾರಣ ಯಾವುದೂ ಇಲ್ಲ. ಬೆಕ್ಕಿನ ಗರ್ಭ 63ರಿಂದ 65 ದಿನ, ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ನಾಲ್ಕೈದು ತಿಂಗಳಿಗೇ ಬೆದೆಗೆ ಬರುವ ಮರಿಗಳೂ ಇವೆ. ಮೊದಲ ಬೆದೆಗೆ ಮೊದಲೇ ಮಾಡಿಸಿದರೆ ಮೊಲೆಯ ಗಡ್ಡೆ ಬರುವುದು ಬಹಳ ಕಡಿಮೆ, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯಂತೂ ತಪ್ಪಿಯೇ ಹೋಗುತ್ತದೆ. ಬೆದೆ ತಡೆಯುವ ಗುಳಿಗೆ ಕೊಡಬೇಡಿ, ಆ ಎರಡೂ ಕಾಯಿಲೆಗೆ ಅದೇ ದಾರಿ. ಗಂಡಿಗೂ ಮಾಡಿಸಿ, ಊರೆಲ್ಲ ಅಲೆದು ಕಚ್ಚಾಡಿ ಕೀವು ಕಟ್ಟಿಸಿಕೊಂಡು ಬರುವುದು ಕಡಿಮೆಯಾಗುತ್ತದೆ.

ತೋಟದಮನೆ, ಶಿರಸಿ
ಗೌರಿಗೆ ದಿನ ಗೊತ್ತಾಗಿದೆ, ಬೆದೆ ಮುಗಿದ ಮೇಲೆ ಬನ್ನಿ ಅಂದಿದ್ದಾರೆ. ಬಸ್ಸಿನಲ್ಲಿ ಹೇಗೆ ಒಯ್ಯಲಿ? ಚೀಲದಲ್ಲಿ ಹಾಕಿದರೆ ಹರಿದುಬಿಡುತ್ತಾಳೆ.

ಅಕ್ಕೋರು, ಕುಮಟಾ
ಗೋಣಿಚೀಲ ಬೇಡ, ಉಸಿರು ಕಟ್ಟುತ್ತದೆ. ಕ್ಯಾರಿಯರ್ ಬುಟ್ಟಿ ಸಿಗದಿದ್ದರೆ ಹಣ್ಣಿನ ಅಂಗಡಿಯ ಎರಡು ಪ್ಲಾಸ್ಟಿಕ್ ಕ್ರೇಟು ತಂದು, ಒಂದರ ಮೇಲೆ ಒಂದು ಬೋರಲು ಹಾಕಿ ನಾಲ್ಕು ಮೂಲೆ ಗಟ್ಟಿಯಾಗಿ ಕಟ್ಟಿ. ಒಳಗೆ ಅವಳು ದಿನಾ ಮಲಗುವ ಹಳೆ ಸೀರೆ ಹಾಸಿ. ಈಗಿನಿಂದಲೇ ಜಗಲಿಯಲ್ಲಿ ತೆರೆದಿಟ್ಟು ಅದರೊಳಗೇ ತಿಂಡಿ ಹಾಕಿದರೆ ಆ ದಿನ ತಾನೇ ಹೋಗಿ ಕೂರುತ್ತಾಳೆ. ಮೇಲೆ ತೆಳು ಬಟ್ಟೆ ಹೊದಿಸಿ, ಕತ್ತಲಿದ್ದರೆ ಗಾಬರಿ ಕಡಿಮೆ. ಎಷ್ಟು ಹೊತ್ತಿನಿಂದ ಊಟ ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ಸುಮಾರು ಹತ್ತು ದಿನ ಒಳಗೇ ಇರಲಿ, ಹೊಲಿಗೆ ನೆಕ್ಕದ ಹಾಗೆ ಕೊರಳಪಟ್ಟಿ ಕೇಳಿ ತನ್ನಿ. ಕರಿಯ ಅವಳನ್ನು ಮೂಸಿ ಗುರುಗುಟ್ಟಿದರೆ ಹೆದರಬೇಡಿ, ಆಸ್ಪತ್ರೆಯ ವಾಸನೆಗೆ ಹಾಗೆ ಮಾಡುತ್ತವೆ. ಒಂದೆರಡು ದಿನ ಬೇರೆ ಕೋಣೆಯಲ್ಲಿಡಿ. ಹೊಲಿಗೆಯ ಜಾಗ ಕೆಂಪಾಗಿ ಊದಿದರೆ, ನೀರು ಬಂದರೆ ಫೋಟೋ ತೆಗೆದು ಅದೇ ದಿನ ಡಾಕ್ಟರಿಗೆ ಕಳಿಸಿ.